‘ನೋಡಿ’ ಎಂದು ಬರೆಯುವ ಮುನ್ನ: ಕೈಪಿಡಿ ಬರೆಯುವವರಿಗೆ ಹದಿನಾಲ್ಕು ಸೂತ್ರಗಳು

ಕೊಳವೆಬಾವಿ ಪಂಪಿನ ಸ್ಟಾರ್ಟರ್ ಜೊತೆ ಬಂದ ಕೈಪಿಡಿಯಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ: ‘ಮೇಲಿನ ಸ್ಕ್ರೂ ಸಡಿಲಿಸಿ, ಹಿಂದೆ ತೋರಿಸಿದಂತೆ ವೈರ್ ಜೋಡಿಸಿ.’ ಮೇಲಿನ ಸ್ಕ್ರೂ ಎಂದರೆ ಪೆಟ್ಟಿಗೆಯ ಮೇಲ್ಭಾಗದ್ದೋ, ಮೇಲಿನ ಪ್ಯಾರಾದಲ್ಲಿ ಹೇಳಿದ್ದೋ? ಹಿಂದೆ ತೋರಿಸಿದ್ದು ಹಿಂದಿನ ಪುಟದಲ್ಲೋ, ಪೆಟ್ಟಿಗೆಯ ಹಿಂಬದಿಯಲ್ಲೋ? ತೋಟದ ಪಂಪ್‌ಹೌಸಿನಲ್ಲಿ ನಿಂತು ಓದುವವರಿಗೆ ಬರೆದವರನ್ನು ಕೇಳುವ ಅವಕಾಶ ಇಲ್ಲ. ತ್ರೀ ಫೇಸ್ ಕರೆಂಟ್ ಬರುವ ಡಬ್ಬಿಯ ಎದುರು ಯಾರೂ ಊಹೆ ಮಾಡುವಂತಾಗಬಾರದು.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಓದುಗರನ್ನು ಕಳಿಸುವ ಇಂಥ ಮಾತನ್ನು ಕ್ರಾಸ್ ರೆಫರೆನ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಅಡ್ಡ ಉಲ್ಲೇಖ. ಇಲ್ಲಿ ಸುಮ್ಮನೆ ಉಲ್ಲೇಖ ಎಂದು ಕರೆಯೋಣ. ಬರೆಯುವವರಿಗೆ ಅದು ಎರಡು ಪದದ ಕೆಲಸ. ಓದುವವರು ಮಾತ್ರ ಕೈಯಲ್ಲಿದ್ದುದನ್ನು ನಿಲ್ಲಿಸಿ, ಪುಟ ತಿರುವಿ, ಹುಡುಕಿ, ಓದಿ, ಮತ್ತೆ ಬಿಟ್ಟ ಜಾಗಕ್ಕೆ ಬಂದು ಸೇರಬೇಕು. ಅವರಿಗೆ ಈ ಕೆಲಸ ಹಚ್ಚುವಾಗ ಮೂರು ವಿಷಯ ಹೇಳುವುದು ನಮ್ಮ ಹೊಣೆ: ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು, ಹೋಗದಿದ್ದರೆ ನಡೆಯುತ್ತದೆಯೇ. ಯಂತ್ರದ ಕೈಪಿಡಿ, ಇಲಾಖೆಯ ಸುತ್ತೋಲೆ, ಟೆಂಡರ್ ಷರತ್ತು, ಸಾಫ್ಟ್‌ವೇರ್ ದಾಖಲೆ, ವಿಜ್ಞಾನದ ಪಠ್ಯ, ಏನನ್ನೇ ಕನ್ನಡದಲ್ಲಿ ಬರೆಯುತ್ತಿದ್ದರೂ ಮುಂದಿನ ಸೂತ್ರಗಳು ಕೆಲಸಕ್ಕೆ ಬರುತ್ತವೆ.

1. ಕಡ್ಡಾಯವೋ, ಬೇಕಾದರೆ ಮಾತ್ರವೋ, ಕ್ರಿಯಾಪದವೇ ಹೇಳಲಿ

ಉಲ್ಲೇಖದಲ್ಲಿ ಎಲ್ಲರ ಕಣ್ಣು ಸಂಖ್ಯೆಯ ಮೇಲಿರುತ್ತದೆ. ಭಾರ ಹೊರುವುದು ಕೊನೆಯ ಕ್ರಿಯಾಪದ. ‘ಕೇಬಲ್ ಗಾತ್ರಕ್ಕೆ ಕೋಷ್ಟಕ 4 ನೋಡಿ’ ಎಂದರೆ ಅದನ್ನು ಸಲಹೆ ಎಂದುಕೊಳ್ಳಲು ಜಾಗ ಇದೆ. ‘ಕೋಷ್ಟಕ 4ರಲ್ಲಿ ಕೊಟ್ಟ ಗಾತ್ರದ ಕೇಬಲನ್ನೇ ಬಳಸಬೇಕು’ ಎಂದರೆ ಇಲ್ಲ. ಮೋಟರ್ ಸುಟ್ಟುಹೋಗಿ ವಾರಂಟಿ ಕೇಳಲು ಹೋದ ದಿನ ಈ ಎರಡು ವಾಕ್ಯಗಳ ವ್ಯತ್ಯಾಸ ಗೊತ್ತಾಗುತ್ತದೆ.

ತಾಂತ್ರಿಕ ಮಾನಕ ಬರೆಯುವವರು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇಂಟರ್‌ನೆಟ್ಟಿನ ನಿಯಮಾವಳಿ ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಹೊರತಂದರು. ‘ಮಾಡಲೇಬೇಕು’, ‘ಮಾಡುವುದು ಒಳ್ಳೆಯದು’, ‘ಮಾಡಬಹುದು’ ಎಂಬ ಅರ್ಥದ ಪದಗಳಿಗೆ ಎಷ್ಟೆಷ್ಟು ಬಲ ಎಂದು ಗೊತ್ತುಮಾಡುವುದಷ್ಟೇ ಅದರ ಕೆಲಸ. ಐಎಸ್‌ಒ ಕೂಡ ಪಾಲಿಸಲೇಬೇಕಾದ ಉಲ್ಲೇಖ, ಬರೀ ತಿಳಿವಳಿಕೆಗೆ ಕೊಟ್ಟ ಉಲ್ಲೇಖ ಎಂದು ಎರಡು ಪಟ್ಟಿ ಮಾಡಿ ಬೇರೆ ಬೇರೆ ಜಾಗದಲ್ಲಿ ಇಡುತ್ತದೆ.

ಕನ್ನಡದಲ್ಲಿ ಇದಕ್ಕೆ ಬೇಕಾದ ಪದಗಳು ಕಾನೂನಿನ ಬರಹದಲ್ಲಿ ಆಗಲೇ ಹದಗೊಂಡಿವೆ. ‘ತಕ್ಕದ್ದು’ ಎಂದರೆ ಕಡ್ಡಾಯ, ‘ಬಹುದು’ ಎಂದರೆ ವಿವೇಚನೆಗೆ ಬಿಟ್ಟದ್ದು. ಎರಡು ನಿಯಮಗಳ ನಡುವಿನ ಸಂಬಂಧ ಹೇಳುವ ಪದಗಳಂತೂ ಇನ್ನೂ ಸೂಕ್ಷ್ಮ. ‘ನಿಯಮ 7ರ ಪ್ರಕಾರ’ ಎಂದರೆ 7 ಹೇಳಿದಂತೆಯೇ ಮಾಡು. ‘ನಿಯಮ 7ಕ್ಕೆ ಒಳಪಟ್ಟು’ ಎಂದರೆ ಇದನ್ನು ಮಾಡು, ಆದರೆ 7 ಅಡ್ಡ ಬಂದರೆ 7ರದ್ದೇ ಮೇಲುಗೈ. ‘ನಿಯಮ 7ರಲ್ಲಿ ಏನೇ ಹೇಳಿದ್ದರೂ’ ಎಂದರೆ ತಿರುಗುಮುರುಗು, 7 ಬದಿಗಿರಲಿ, ಇಲ್ಲಿಯ ಮಾತೇ ನಿಲ್ಲುತ್ತದೆ. ‘ನಿಯಮ 7ನ್ನೂ ನೋಡಿ’ ಎಂದರೆ ಇವು ಯಾವುವೂ ಇಲ್ಲ, ಓದಿದರೆ ಅನುಕೂಲ ಅಷ್ಟೇ. ಈ ನಾಲ್ಕನ್ನು ಅದಲುಬದಲು ಮಾಡಿದರೆ ಬರೀ ಶೈಲಿ ಬದಲಾಗುವುದಿಲ್ಲ, ನಿಯಮವೇ ಬದಲಾಗುತ್ತದೆ. ಟೆಂಡರ್ ಪತ್ರದಲ್ಲಿ ‘ಒಳಪಟ್ಟು’ ಎಂದು ಇರಬೇಕಾದ ಕಡೆ ‘ಸಂಬಂಧಿಸಿದಂತೆ’ ಎಂದು ಬರೆದರೆ ವ್ಯಾಜ್ಯಕ್ಕೆ ಬಾಗಿಲು ತೆರೆದಂತೆ. ‘ಸಂಬಂಧಿಸಿದಂತೆ’ ಎಂಬ ಪದವನ್ನು ಉಲ್ಲೇಖದಲ್ಲಿ ಕಂಡಾಗಲೆಲ್ಲ ನಿಂತು, ಸಂಬಂಧ ಯಾವ ಬಗೆಯದು ಎಂದು ಕೇಳಿಕೊಳ್ಳಿ.

2. ಕಾರಣ ಮೊದಲು, ವಿಳಾಸ ಆಮೇಲೆ

‘ಅಧ್ಯಾಯ 5 ನೋಡಿ’ ಎಂದಷ್ಟೇ ಬರೆದರೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಓದುಗರ ಬಳಿ ಏನೂ ಇಲ್ಲ. ‘ಮೋಟರ್ ಉಲ್ಟಾ ತಿರುಗುತ್ತಿದ್ದರೆ ಅಧ್ಯಾಯ 5 ನೋಡಿ’ ಎಂದರೆ ಸರಿಯಾಗಿ ತಿರುಗುತ್ತಿರುವವರು ನಿಶ್ಚಿಂತೆಯಿಂದ ಮುಂದೆ ಹೋಗುತ್ತಾರೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಗೆ ಈ ಜೋಡಣೆ ಸಹಜವಾಗಿ ಒಗ್ಗುತ್ತದೆ. ಷರತ್ತು, ಸ್ಥಳ, ಕ್ರಿಯೆ ಎಂಬ ಸಾಲಿನಲ್ಲೇ ಮಾತು ಬರುತ್ತದೆ. ‘ಹೆಚ್ಚಿನ ಮಾಹಿತಿಗಾಗಿ’ ಎಂಬುದು ಕಾರಣದ ವೇಷ ಹಾಕಿದ ಖಾಲಿ ಪದ. ಯಾವ ಮಾಹಿತಿ ಎಂದು ಹೇಳಿ.

3. ಮೇಲೆ, ಕೆಳಗೆ, ಹಿಂದೆ, ಮುಂದೆ: ಈ ನಾಲ್ಕರ ಬಗ್ಗೆ ಎಚ್ಚರ

ಶುರುವಿನ ಸ್ಟಾರ್ಟರ್ ಉದಾಹರಣೆಯ ತೊಂದರೆ ಇದೇ. ಈ ನಾಲ್ಕೂ ಪದಗಳು ಕನ್ನಡದಲ್ಲಿ ಒಟ್ಟೊಟ್ಟಿಗೆ ಮೂರು ಕೆಲಸ ಮಾಡುತ್ತವೆ. ಪುಟದಲ್ಲಿನ ಜಾಗ ಹೇಳುತ್ತವೆ, ವಸ್ತುವಿನ ಭಾಗ ಹೇಳುತ್ತವೆ, ಕಾಲವನ್ನೂ ಹೇಳುತ್ತವೆ. ‘ಹಿಂದಿನ ಕವಾಟ’ ಎಂದರೆ ಮೊದಲು ಹೇಳಿದ ಕವಾಟ, ಯಂತ್ರದ ಹಿಂಬದಿಯ ಕವಾಟ, ಬದಲಾಯಿಸುವ ಮುಂಚೆ ಇದ್ದ ಹಳೆಯ ಕವಾಟ, ಮೂರೂ ಆಗಬಹುದು. ‘ಮುಂದಿನ ಬೋಲ್ಟ್’ ಕೂಡ ಹಾಗೆಯೇ. ಕಥೆಯಲ್ಲಿ ಸಂದರ್ಭ ನಮ್ಮನ್ನು ಕಾಯುತ್ತದೆ. ಯಂತ್ರಕ್ಕೆ ಮೇಲೆ ಕೆಳಗೆ ಹಿಂದೆ ಮುಂದೆ ಎಲ್ಲವೂ ಇರುವುದರಿಂದ ಕೈಪಿಡಿಯಲ್ಲಿ ಸಂದರ್ಭವೇ ಗೊಂದಲ ಹುಟ್ಟಿಸುತ್ತದೆ.

ಪರದೆಯ ಮೇಲೆ ಇನ್ನೊಂದು ತೊಂದರೆ. ಪುಸ್ತಕದ ಅಗಲಕ್ಕೆ ಹೊಂದಿಸಿದ ಪುಟ ಮೊಬೈಲಿನ ಕಿರಿದಾದ ಪರದೆಗೆ ಬಂದಾಗ ಬಲಗಡೆ ಇದ್ದ ಚಿತ್ರ ಕೆಳಗೆ ಇಳಿಯುತ್ತದೆ. ‘ಪಕ್ಕದ ಚಿತ್ರ’ದ ಪಕ್ಕ ಏನೂ ಇರುವುದಿಲ್ಲ. ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್ ಮೂಲಕ ಕೇಳುವಾಗ ಪುಟ ಒಂದೇ ಸಾಲಾಗಿ ಕಿವಿಗೆ ಬೀಳುತ್ತದೆ, ಅಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲ. ಆಕಾರ, ಗಾತ್ರ, ಜಾಗವನ್ನಷ್ಟೇ ನೆಚ್ಚಿ ಸೂಚನೆ ಕೊಡಬಾರದು ಎಂದು ಜಾಲತಾಣಗಳ ಸುಲಭಲಭ್ಯತೆಗೆ ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ 2008ರಲ್ಲಿ ತಂದ ಮಾರ್ಗಸೂಚಿಯೇ ಹೇಳುತ್ತದೆ.

ಹಾಗಾದರೆ ಏನು ಬರೆಯುವುದು? ಪಠ್ಯದ ಜಾಗಕ್ಕೆ ‘ಮೊದಲು ಹೇಳಿದ’, ‘ಈ ಪಟ್ಟಿಯಲ್ಲಿರುವ’, ‘ಇದಾದ ನಂತರದ ಹೆಜ್ಜೆ’ ಎನ್ನಿ. ಅದಕ್ಕಿಂತ ಒಳ್ಳೆಯದು ಹೆಜ್ಜೆಯ ಸಂಖ್ಯೆ. ಯಂತ್ರದ ಜಾಗಕ್ಕೆ ‘ಮೇಲ್ಬದಿಯ’, ‘ಹಿಂಬದಿಯ’ ಎಂದು ‘ಬದಿ’ ಸೇರಿಸಿ. ಈ ಒಂದು ಪ್ರತ್ಯೇಕತೆ ಇಡೀ ಕೈಪಿಡಿಯಲ್ಲಿ ತಪ್ಪದೆ ಉಳಿದರೆ ಅರ್ಧ ಗೊಂದಲ ಹೋಗುತ್ತದೆ. ‘ಮೇಲ್ಕಂಡ’, ‘ಸದರಿ’ ಎಂಬ ಕಚೇರಿಯ ಪದಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿ. ಒಂದೇ ಪತ್ರದಲ್ಲಿ ಇಬ್ಬರು ಅರ್ಜಿದಾರರು, ಮೂರು ಸರ್ವೆ ನಂಬರುಗಳು ಇದ್ದಾಗ ‘ಸದರಿ ಜಮೀನು’ ಯಾವುದು? ಸರ್ವೆ ನಂಬರನ್ನೇ ಮತ್ತೊಮ್ಮೆ ಬರೆಯಲು ನಾಲ್ಕು ಅಕ್ಷರ ಸಾಕು.

4. ‘ನೋಡಿ’ ಬೇರೆ, ‘ಇದನ್ನೂ ನೋಡಿ’ ಬೇರೆ

ನಿಘಂಟು ಮಾಡುವವರಿಗೆ ಈ ಭೇದ ಚೆನ್ನಾಗಿ ಗೊತ್ತು. ‘ನೋಡಿ’ ಎಂದರೆ ವಿಷಯ ಇಲ್ಲಿಲ್ಲ, ಅಲ್ಲಿದೆ. ‘ಇದನ್ನೂ ನೋಡಿ’ ಎಂದರೆ ವಿಷಯ ಇಲ್ಲಿದೆ, ಇನ್ನಷ್ಟು ಅಲ್ಲಿದೆ. ಪದಸೂಚಿಯಲ್ಲಿ ‘ನೀರೆತ್ತುವ ಯಂತ್ರ: ನೋಡಿ, ಪಂಪ್’ ಸರಿ. ‘ಪಂಪ್, 14, 22, ಇದನ್ನೂ ನೋಡಿ, ಮೋಟರ್’ ಸರಿ. ‘ಹೋಲಿಸಿ’ ಮೂರನೆಯದು: ಎರಡನ್ನೂ ಓದಿ ವ್ಯತ್ಯಾಸ ಗಮನಿಸಿ ಎಂದು ಅರ್ಥ. ಆ ಕೆಲಸ ಇಲ್ಲದ ಕಡೆ ಅದನ್ನು ಬಳಸಬೇಡಿ.

5. ಸಂಖ್ಯೆಯ ಜೊತೆಗೆ ಹೆಸರು ಹೋಗಲಿ

ಸಂಖ್ಯೆ ಚಿಕ್ಕದು, ಖಚಿತ. ಬದಲಾದಾಗ ಸುಳಿವೇ ಕೊಡದಿರುವುದು ಅದರ ದೋಷ. ಇದಕ್ಕೆ ಇತ್ತೀಚೆಗೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಸಿಕ್ಕಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 511 ಸೆಕ್ಷನ್‌ಗಳಿದ್ದವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇರುವುದು 358. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ವಂಚನೆಗೆ ಇಡೀ ಊರಿನ ಬಾಯಲ್ಲಿ ಗಾದೆಯಾಗಿದ್ದ 420 ಈಗ 318. ಹೊಸ ಸಂಹಿತೆಯಲ್ಲಿ 420 ಎಂಬ ಸೆಕ್ಷನ್ನೇ ಇಲ್ಲ, ಆದ್ದರಿಂದ ಹಳೆಯ ಉಲ್ಲೇಖ ಹಿಡಿದು ಹೋದವರಿಗೆ ಏನೋ ತಪ್ಪಿದೆ ಎಂದಾದರೂ ತಿಳಿಯುತ್ತದೆ. 302 ಹಾಗಲ್ಲ. ಹೊಸದರಲ್ಲೂ 302 ಇದೆ, ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಮಾತಾಡುವುದರ ಬಗ್ಗೆ. ಬರೀ ‘ಸೆಕ್ಷನ್ 302 ನೋಡಿ’ ಎಂದು ಬರೆದಿಟ್ಟ ತರಬೇತಿ ಕೈಪಿಡಿ ಈಗ ತಪ್ಪು ಮನೆಗೆ ಕಳಿಸುತ್ತದೆ, ಕಳಿಸಿದ್ದೇ ಗೊತ್ತಾಗದಂತೆ ಕಳಿಸುತ್ತದೆ. ‘ಕೊಲೆಗೆ ಶಿಕ್ಷೆ ಹೇಳುವ, ಭಾರತೀಯ ದಂಡ ಸಂಹಿತೆಯ ಸೆಕ್ಷನ್ 302’ ಎಂದು ಬರೆದಿದ್ದರೆ ಓದಿದವರು ತಾವೇ ಸರಿಯಾದ ಜಾಗ ಹುಡುಕಿಕೊಳ್ಳುತ್ತಿದ್ದರು.

ಶಾಸನಗಳಿಗೆ ರಕ್ಷಣೆಯಾಗಿ 1897ರ ಜನರಲ್ ಕ್ಲಾಜಸ್ ಕಾಯ್ದೆ ಇದೆ. ಒಂದು ಕೇಂದ್ರ ಕಾಯ್ದೆ ರದ್ದಾಗಿ ಅದೇ ವಿಷಯ ಹೊಸದಾಗಿ ಜಾರಿಯಾದರೆ, ಬೇರೆ ಉದ್ದೇಶ ಕಾಣದ ಹೊರತು, ಹಳೆಯದಕ್ಕೆ ಮಾಡಿದ ಉಲ್ಲೇಖವನ್ನು ಹೊಸದಕ್ಕೆ ಮಾಡಿದ್ದೆಂದೇ ಓದಿಕೊಳ್ಳಬೇಕು ಎಂದು ಅದರ 8ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಪಂಪಿನ ಕೈಪಿಡಿಗೆ ಅಂಥ ಕಾಯ್ದೆಯ ಆಸರೆ ಇಲ್ಲ.

ಹೆಸರನ್ನೇ ವಿಳಾಸ ಮಾಡಿಕೊಂಡ ಒಳ್ಳೆಯ ಮಾದರಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. ಹದಿನಾಲ್ಕು ಸಂಪುಟಗಳು ದಶಕಗಳ ಅಂತರದಲ್ಲಿ ಬಂದವು. ಮುಂದೆ ಬರಲಿರುವ ಸಂಪುಟದ ಪುಟಸಂಖ್ಯೆ ಯಾರಿಗೆ ಗೊತ್ತಿರುತ್ತದೆ? ‘ನೋಡಿ’ ಎಂದು ಇನ್ನೊಂದು ಲೇಖನದ ಶೀರ್ಷಿಕೆ ಕೊಟ್ಟರೆ ಸಾಕು, ಅಕಾರಾದಿ ಕ್ರಮವೇ ಉಳಿದ ದಾರಿ ತೋರಿಸುತ್ತದೆ.

6. ನಡುವೆ ಏನಾದರೂ ಸೇರಿಸುವಾಗ ಹಳೆಯ ಸಂಖ್ಯೆ ಕದಲಿಸಬೇಡಿ

ಕಲ್ಯಾಣ ಕರ್ನಾಟಕದ ಓದುಗರಿಗೆ 371ಜೆ ಎಂದರೆ ವಿವರಣೆ ಬೇಡ. ಸಂವಿಧಾನದ 98ನೇ ತಿದ್ದುಪಡಿಯಲ್ಲಿ ಆ ಪ್ರದೇಶದ ವಿಶೇಷ ಸ್ಥಾನಮಾನ ಸೇರಿಸುವಾಗ ಅದಕ್ಕೆ 372 ಎಂಬ ಸಂಖ್ಯೆ ಕೊಟ್ಟು ಉಳಿದವನ್ನೆಲ್ಲ ಒಂದೊಂದು ಮುಂದೆ ತಳ್ಳಲಿಲ್ಲ. 371ರ ಬಾಲಕ್ಕೆ ಎ, ಬಿ, ಸಿ ಎಂದು ಬೆಳೆದು ಬಂದ ಸಾಲಿನಲ್ಲಿ ಜೆ ಕೂತಿತು. ಶಿಕ್ಷಣದ ಹಕ್ಕು 21ಎ ಆದದ್ದೂ ಹೀಗೆಯೇ. 1950ರಲ್ಲಿ 395 ವಿಧಿಗಳಿಂದ ಶುರುವಾದ ಸಂವಿಧಾನಕ್ಕೆ ಎಷ್ಟೋ ವಿಧಿಗಳು ಸೇರಿದರೂ ಕೊನೆಯ ವಿಧಿಯ ಸಂಖ್ಯೆ ಈಗಲೂ 395. ಇದರಿಂದಾಗಿ ಐವತ್ತರ ದಶಕದ ತೀರ್ಪಿನಲ್ಲಿ ಬಂದ ‘ವಿಧಿ 226’ನ್ನು ಇಂದಿನ ಪ್ರತಿಯಲ್ಲಿ ಅದೇ ಜಾಗದಲ್ಲಿ ಓದಬಹುದು.

ವಿಮಾನ ದುರಸ್ತಿಯ ಲೋಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಎಟಿಎ ಅಧ್ಯಾಯ ಪದ್ಧತಿಯಲ್ಲಿ 32 ಎಂದರೆ ಲ್ಯಾಂಡಿಂಗ್ ಗೇರ್, 28 ಎಂದರೆ ಇಂಧನ ವ್ಯವಸ್ಥೆ. ತಯಾರಕರು ಬದಲಾದರೂ ಅಧ್ಯಾಯದ ಸಂಖ್ಯೆ ಬದಲಾಗದು. ನಿಮ್ಮ ಸಂಸ್ಥೆಯಲ್ಲಿ ಹತ್ತು ಮಾದರಿಯ ಪಂಪುಗಳಿದ್ದರೆ ಹತ್ತೂ ಕೈಪಿಡಿಗಳಲ್ಲಿ ‘ದೋಷ ಪತ್ತೆ’ ಒಂದೇ ಅಧ್ಯಾಯ ಸಂಖ್ಯೆಯಲ್ಲಿ ಇರಲಿ. ಒಂದು ಮಾದರಿಗೆ ಆ ಅಧ್ಯಾಯ ಬೇಡವಾದರೆ ಸಂಖ್ಯೆಯನ್ನು ಖಾಲಿ ಬಿಡಿ, ಬೇರೆ ವಿಷಯ ತುಂಬಬೇಡಿ.

7. ಅಂಕಿಗೆ ವಿಭಕ್ತಿ ಹಚ್ಚುವಾಗ ಯೋಚಿಸಿ

ಇದು ಕನ್ನಡದ್ದೇ ಸಮಸ್ಯೆ, ಇಂಗ್ಲಿಷಿನ ಕೈಪಿಡಿ ಮಾರ್ಗದರ್ಶಿಗಳಲ್ಲಿ ಉತ್ತರ ಸಿಗದು. ಒಂದರಿಂದ ಒಂಬೈನೂರ ತೊಂಬತ್ತೊಂಬತ್ತರ ತನಕ ನಮ್ಮ ಸಂಖ್ಯಾಪದಗಳೆಲ್ಲ ಉಕಾರದಲ್ಲಿ ಮುಗಿಯುತ್ತವೆ. ಹೀಗಾಗಿ ‘3ರಲ್ಲಿ’, ‘21ರಲ್ಲಿ’, ‘100ರಲ್ಲಿ’ ಎಲ್ಲವೂ ಬಾಯಿಗೆ ಸರಿ ಹೊಂದುತ್ತವೆ. ‘3ಕ್ಕೆ’, ‘3ನ್ನು’ ಕೂಡ ಹಾಗೆಯೇ. ಸಾವಿರಕ್ಕೆ ಬಂದಾಗ ‘1000ದಲ್ಲಿ’ ಎಂದು ಮಾಡಿಕೊಳ್ಳಬೇಕು, ಆದರೆ ಸಾವಿರ ಚಿತ್ರಗಳಿರುವ ಕೈಪಿಡಿ ಅಪರೂಪ.

ಕಷ್ಟ ಶುರುವಾಗುವುದು ಅಕ್ಷರ ಸೇರಿದಾಗ. ‘ಚಿತ್ರ 4-ಬಿ’ಗೆ ‘ರಲ್ಲಿ’ ಒಗ್ಗದು, ‘4-ಬಿಯಲ್ಲಿ’ ಆಗಬೇಕು. ‘ಚಿತ್ರ 4-ಅ’ಗೆ ಏನು ಹಚ್ಚಿದರೂ ಕಿವಿಗೆ ಚುಚ್ಚುತ್ತದೆ. ಸಂಖ್ಯೆಯನ್ನು ಸಾಫ್ಟ್‌ವೇರ್ ತಾನಾಗಿ ತುಂಬುತ್ತಿದ್ದರೆ ಇನ್ನೂ ಕಷ್ಟ. ಇಂದು ‘ಚಿತ್ರ 4’ ಇದ್ದದ್ದು ನಾಳೆ ‘ಚಿತ್ರ 4-ಬಿ’ ಆದರೆ, ನೀವು ಕೈಯಿಂದ ಹಚ್ಚಿದ ‘ರಲ್ಲಿ’ ಹಾಗೇ ಉಳಿದು ‘ಚಿತ್ರ 4-ಬಿರಲ್ಲಿ’ ಎಂದು ಅಚ್ಚಾಗುತ್ತದೆ.

ಪರಿಹಾರ ಎರಡಿವೆ. ವಿಭಕ್ತಿಯೇ ಬೇಡದ ವಾಕ್ಯ ಮಾಡುವುದು ಒಂದು: ‘ಚಿತ್ರ 4-ಬಿ ನೋಡಿ.’ ನಿರ್ಜೀವ ವಸ್ತುವಿಗೆ ‘ಅನ್ನು’ ಬಿಡುವುದು ಕನ್ನಡದ ಸಹಜ ರೂಢಿ, ನೀರು ಕುಡಿ, ಪುಸ್ತಕ ಓದು ಎನ್ನುವ ಹಾಗೆ. ಸಂಖ್ಯೆಯನ್ನು ಮುಂದಕ್ಕೆ ತಂದು ವಿಭಕ್ತಿಯನ್ನು ನಾಮಪದಕ್ಕೆ ಹಚ್ಚುವುದು ಇನ್ನೊಂದು: ‘3ನೇ ಕೋಷ್ಟಕದಲ್ಲಿ’, ‘4-ಬಿ ಚಿತ್ರದಲ್ಲಿ’. ಆಗ ಸಂಖ್ಯೆ ಏನೇ ಆದರೂ ವ್ಯಾಕರಣ ಕೆಡದು. ಆದರೆ ಚಿತ್ರದ ಅಡಿಯಲ್ಲಿ ‘ಚಿತ್ರ 4-ಬಿ’ ಎಂದಿದ್ದು ಪಠ್ಯದಲ್ಲಿ ‘4-ಬಿ ಚಿತ್ರ’ ಎಂದಿದ್ದರೆ ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಸಿಗುವುದಿಲ್ಲ. ನನ್ನ ಆಯ್ಕೆ ಮೊದಲನೆಯದು. ಸೂಚನೆ ಕೊಡುವ ವಾಕ್ಯಗಳಲ್ಲಿ ಅದು ಯಾವಾಗಲೂ ಸಾಧ್ಯ. ವಿವರಣೆಯ ವಾಕ್ಯದಲ್ಲಿ ಸಿಕ್ಕಿಕೊಂಡರೆ ಮಾತ್ರ ಎರಡನೆಯದು.

8. ಒಂದು ವಸ್ತುವಿಗೆ ಒಂದೇ ಹೆಸರು

ಸುದ್ದಿಯಲ್ಲಿ ‘ಕಲಂ 12’, ನ್ಯಾಯಾಲಯದ ಹೊರಗೆ ‘ಸೆಕ್ಷನ್ 12’, ಅಧಿಕೃತ ಅನುವಾದದಲ್ಲಿ ‘ಪ್ರಕರಣ 12’, ಮೂರೂ ಒಂದೇ. ಇದರಲ್ಲಿ ‘ಪ್ರಕರಣ’ ತುಸು ಅಪಾಯದ ಪದ, ಏಕೆಂದರೆ ಠಾಣೆಯಲ್ಲಿ ದಾಖಲಾಗುವುದೂ ಪ್ರಕರಣವೇ. ‘ಪ್ರಕರಣ 12ರಲ್ಲಿ ಹೇಳಿದಂತೆ’ ಎಂದರೆ ಕಾಯ್ದೆಯ ಹನ್ನೆರಡನೆಯದೋ, ಕೇಸ್ ನಂಬರ್ ಹನ್ನೆರಡೋ? ಮೂರರಲ್ಲಿ ಯಾವುದನ್ನಾದರೂ ಆರಿಸಿ, ಮೊದಲ ಪುಟದಲ್ಲಿ ಅದರ ಅರ್ಥ ಹೇಳಿ, ಕೊನೆಯತನಕ ಅದನ್ನೇ ಬಳಸಿ. ಅಧ್ಯಾಯ, ಭಾಗ, ವಿಭಾಗ, ಘಟಕ ಇವುಗಳಲ್ಲಿ ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಕನ್ನಡದಲ್ಲಿ ಎಲ್ಲರೂ ಒಪ್ಪಿದ ಕ್ರಮ ಇಲ್ಲದ್ದರಿಂದ ನೀವೇ ಕ್ರಮ ಗೊತ್ತುಮಾಡಬೇಕು. ಸೊಗಸಿಗಾಗಿ ಒಮ್ಮೆ ಚಿತ್ರ, ಒಮ್ಮೆ ಆಕೃತಿ, ಒಮ್ಮೆ ರೇಖಾಚಿತ್ರ ಎಂದು ಬದಲಿಸುವ ಅಭ್ಯಾಸ ಪ್ರಬಂಧಕ್ಕೆ ಇರಲಿ.

ಉಪಭಾಗಗಳ ಅಕ್ಷರಗಳಿಗೂ ಇದೇ ಮಾತು. ಅ, ಆ, ಇ, ಈ ಎಂದು ಇಟ್ಟರೆ ಫೋನಿನಲ್ಲಿ ‘ಇ’ಗೂ ‘ಈ’ಗೂ ವ್ಯತ್ಯಾಸ ಕೇಳಿಸದು. ಸೇವಾ ಕೇಂದ್ರದವರು ಗ್ರಾಹಕರಿಗೆ ಫೋನಿನಲ್ಲೇ ದಾರಿ ಹೇಳುವ ದಾಖಲೆಯಾದರೆ ಎ, ಬಿ, ಸಿ ಅಥವಾ ಬರೀ ಅಂಕಿ ಮೇಲು.

9. ಹೊರಗಿನ ಮಾನಕ ಹೆಸರಿಸುವಾಗ ಇಸವಿ ಬೇಕೋ ಬೇಡವೋ ತೀರ್ಮಾನಿಸಿ

ಕಾಂಕ್ರೀಟಿನ ಮಾನಕ ಐಎಸ್ 456 ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. 2000ನೇ ಇಸವಿಯಲ್ಲಿ ಬಂದ ಅದರ ಪಠ್ಯ 33 ಗ್ರೇಡ್ ಸಿಮೆಂಟಿಗೆ ಐಎಸ್ 269, 43 ಗ್ರೇಡಿಗೆ ಐಎಸ್ 8112, 53 ಗ್ರೇಡಿಗೆ ಐಎಸ್ 12269 ಎಂದು ಮೂರು ಬೇರೆ ಮಾನಕಗಳನ್ನು ಹೆಸರಿಸಿತ್ತು. 2015ರಲ್ಲಿ ಐಎಸ್ 269 ಪರಿಷ್ಕಾರವಾಗಿ ಮೂರೂ ಗ್ರೇಡುಗಳು ಅದರೊಳಗೇ ಬಂದವು. ಹಳೆಯ ಸಂಖ್ಯೆಗಳನ್ನು ನಕಲಿಸಿಕೊಂಡು ಬಂದ ಟೆಂಡರ್ ಪತ್ರ ಇಲ್ಲದ ಮಾನಕದತ್ತ ಬೊಟ್ಟು ಮಾಡುತ್ತದೆ.

ಇಸವಿ ಹಾಕಿದರೆ ಆ ಆವೃತ್ತಿ ಮಾತ್ರ ಅನ್ವಯ. ಇಸವಿ ಬಿಟ್ಟರೆ ಇತ್ತೀಚಿನ ಆವೃತ್ತಿ ಅನ್ವಯ. ಎರಡೂ ಸರಿ, ಗೊತ್ತಿಲ್ಲದೆ ಮಾಡಿದರೆ ಎರಡೂ ತಪ್ಪು. ಇನ್ನೊಂದು ದಾಖಲೆಯ ನಿರ್ದಿಷ್ಟ ಕಲಮು, ಕೋಷ್ಟಕ, ಚಿತ್ರವನ್ನು ಹೆಸರಿಸುವುದಾದರೆ ಇಸವಿ ಹಾಕಲೇಬೇಕು ಎಂಬುದು ಐಎಸ್‌ಒ ಮತ್ತು ಐಇಸಿ ತಮ್ಮ ಬರಹಗಾರರಿಗೆ ಕೊಟ್ಟ ನಿಯಮ. ಅದಕ್ಕೆ ಕಾರಣ ಸ್ಪಷ್ಟ: ಮುಂದಿನ ಆವೃತ್ತಿಯಲ್ಲಿ ಕೋಷ್ಟಕ 5 ಕೋಷ್ಟಕ 7 ಆಗಿಬಿಡಬಹುದು.

10. ಜೀವದ ಪ್ರಶ್ನೆಯನ್ನು ಉಲ್ಲೇಖಕ್ಕೆ ಬಿಡಬೇಡಿ

‘ಸುರಕ್ಷತಾ ಕ್ರಮಗಳಿಗೆ ಪುಟ 2 ನೋಡಿ’ ಎಂದು ಪುಟ 31ರಲ್ಲಿ ಬರೆಯಬಾರದು. ಸ್ಟಾರ್ಟರ್ ಮುಚ್ಚಳ ತೆಗೆಯುವ ಹೆಜ್ಜೆಗೆ ಮೊದಲು ‘ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಳ್ಳಿ’ ಎಂದು ಅಲ್ಲೇ ಬರೆಯಿರಿ. ಹತ್ತು ಕಡೆ ಬರೆಯಬೇಕಾದರೆ ಹತ್ತು ಕಡೆ ಬರೆಯಿರಿ. ಪುನರುಕ್ತಿ ಆಯಿತೆಂದು ಸಂಪಾದಕರು ಗೆರೆ ಹೊಡೆದರೆ ವಾದಿಸಿ ಉಳಿಸಿಕೊಳ್ಳಿ. ಪುಟ ತಿರುವದೆ ಮುಂದೆ ಹೋಗುವ ಓದುಗರು ಇದ್ದೇ ಇರುತ್ತಾರೆ, ಅವರ ಪ್ರಾಣವೂ ನಿಮ್ಮ ವಾಕ್ಯದ ಮೇಲೆ ನಿಂತಿದೆ.

11. ಉಲ್ಲೇಖದಿಂದ ಉಲ್ಲೇಖಕ್ಕೆ ಕಳಿಸಬೇಡಿ

ಪುಟ 12 ಪುಟ 20ಕ್ಕೆ ಕಳಿಸಿ, ಪುಟ 20 ಅನುಬಂಧಕ್ಕೆ ಕಳಿಸಿದರೆ ಓದುಗರು ದಾರಿಯಲ್ಲೇ ಉಳಿಯುತ್ತಾರೆ. ಉತ್ತರ ಇರುವ ಜಾಗಕ್ಕೇ ನೇರ ಕಳಿಸಿ.

ನಮ್ಮ ಸರ್ಕಾರಿ ಆದೇಶಗಳ ‘ಓದಲಾಗಿದೆ’ ಪಟ್ಟಿ ಮೂಲದಲ್ಲಿ ಒಳ್ಳೆಯ ಪದ್ಧತಿ. ಯಾವ ಯಾವ ಕಡತ ನೋಡಿ ಈ ತೀರ್ಮಾನ ಆಯಿತು ಎಂಬುದು ಸಂಖ್ಯೆ, ದಿನಾಂಕದ ಸಮೇತ ಮೇಲೇ ಇರುತ್ತದೆ. ಆದರೆ ಒಳಗೆ ‘ಮೇಲೆ ಓದಲಾದ ಕ್ರಮಾಂಕ (2)ರ ಆದೇಶವನ್ನು ಭಾಗಶಃ ಮಾರ್ಪಡಿಸಿ’ ಎಂದು ಬಂದಾಗ ಆ (2) ಕೈಗೆ ಸಿಗದವರು ಏನು ಮಾಡಬೇಕು? ‘15 ದಿನ ಎಂಬುದರ ಬದಲಿಗೆ 30 ದಿನ ಎಂದು ಓದಿಕೊಳ್ಳತಕ್ಕದ್ದು’ ಎಂಬ ತಿದ್ದುಪಡಿ ಕಡತಕ್ಕೆ ಸಾಕು, ಜನರಿಗೆ ಸಾಲದು. ತಿದ್ದಿದ ಮೇಲೆ ಆ ವಾಕ್ಯ ಪೂರ್ತಿ ಹೇಗೆ ನಿಲ್ಲುತ್ತದೆ ಎಂಬುದನ್ನೂ ಕೆಳಗೆ ಅಚ್ಚುಹಾಕಿ: ‘ಅರ್ಜಿಯನ್ನು 30 ದಿನದೊಳಗೆ ಸಲ್ಲಿಸತಕ್ಕದ್ದು.’ ಪಟ್ಟಿಯ ಪ್ರತಿ ಕಡತದ ಮುಂದೆ ಅದು ಯಾವ ವಿಷಯದ್ದು ಎಂಬ ಅರ್ಧ ಸಾಲು ಸೇರಿಸಿದರೆ ವರ್ಷಗಳ ನಂತರ ಆದೇಶ ತೆಗೆದು ನೋಡುವ ಗುಮಾಸ್ತರೂ ನಿಮ್ಮನ್ನು ನೆನೆಯುತ್ತಾರೆ.

12. ಕಳಿಸಿದವರನ್ನು ವಾಪಸ್ ಕರೆತನ್ನಿ

‘ಪ್ರೈಮಿಂಗ್ ಮಾಡಲು ಪುಟ 18ರ 3ರಿಂದ 7ರವರೆಗಿನ ಹೆಜ್ಜೆಗಳನ್ನು ಮಾಡಿ, ಬಳಿಕ ಇಲ್ಲಿಗೆ ಮರಳಿ 9ನೇ ಹೆಜ್ಜೆ ಶುರುಮಾಡಿ.’ ಈ ಬಗೆಯ ವಾಕ್ಯ ಉದ್ದವಾದರೂ ಪರವಾಗಿಲ್ಲ. ‘ವರೆಗೆ’ಯಲ್ಲಿ ಕೊನೆಯದು ಸೇರಿದೆಯೇ ಎಂಬ ಅನುಮಾನ ಇರುವುದರಿಂದ ‘7ನೇ ಹೆಜ್ಜೆಯೂ ಸೇರಿ’ ಎಂದು ಬಿಡಿಸಿ ಹೇಳಿ.

13. ‘ಇಲ್ಲಿ ಕ್ಲಿಕ್ ಮಾಡಿ’ ಬೇಡ

ಸ್ಕ್ರೀನ್ ರೀಡರ್ ಬಳಸುವವರು ಒಂದು ಪುಟದ ಲಿಂಕುಗಳನ್ನಷ್ಟೇ ಪಟ್ಟಿ ಮಾಡಿ ಕೇಳಬಲ್ಲರು. ಪುಟದ ತುಂಬ ‘ಇಲ್ಲಿ ಕ್ಲಿಕ್ ಮಾಡಿ’ ಇದ್ದರೆ ಅವರಿಗೆ ಕೇಳಿಸುವುದು ‘ಇಲ್ಲಿ, ಇಲ್ಲಿ, ಇಲ್ಲಿ’. ಲಿಂಕಿನ ಪದಗಳೇ ಗುರಿ ಹೇಳಲಿ: ‘ಪಂಪ್ ಸಬ್ಸಿಡಿ ಅರ್ಜಿ ನಮೂನೆ ಡೌನ್‌ಲೋಡ್ ಮಾಡಿ’. ಅದೇ ಪುಟವನ್ನು ಸೈಬರ್ ಸೆಂಟರಿನಲ್ಲಿ ಅಚ್ಚು ತೆಗೆದು ಊರಿಗೆ ಒಯ್ಯುವವರೂ ಇದ್ದಾರೆ. ಕಾಗದದ ಮೇಲೆ ಕ್ಲಿಕ್ ಮಾಡಲಾಗದು. ಗುರಿಯ ಹೆಸರು ಇದ್ದರೆ ಅಚ್ಚಿನಲ್ಲೂ ಅರ್ಥ ಉಳಿಯುತ್ತದೆ. ಬಟನ್ನಿನ ಹೆಸರು ಹೇಳುವಾಗ ಪರದೆಯ ಮೇಲಿರುವ ಅಕ್ಷರಗಳನ್ನು ಹಾಗೆಯೇ ಬರೆಯಿರಿ. ಪರದೆಯಲ್ಲಿ ‘ಸಲ್ಲಿಸು’ ಇದ್ದು ಕೈಪಿಡಿಯಲ್ಲಿ ‘ಸಬ್‌ಮಿಟ್’ ಇದ್ದರೆ ಹುಡುಕಾಟ ಶುರುವಾಗುತ್ತದೆ.

14. ಅಚ್ಚಿಗೆ ಹೋಗುವ ಮುನ್ನ ಪ್ರತಿ ಉಲ್ಲೇಖವನ್ನೂ ನಡೆದು ನೋಡಿ

ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಬೇಡಿ. ವರ್ಡ್‌ನಲ್ಲಿ ಕ್ರಾಸ್ ರೆಫರೆನ್ಸ್ ಸೇರಿಸುವ ಸೌಲಭ್ಯ ಇದೆ. ಎಲ್ಲ ಆಯ್ಕೆ ಮಾಡಿ ಎಫ್9 ಒತ್ತಿದರೆ ಸಂಖ್ಯೆಗಳು ಹೊಸದಾಗುತ್ತವೆ. ಗುರಿ ಅಳಿದುಹೋಗಿದ್ದರೆ ಆ ಜಾಗದಲ್ಲಿ ದಪ್ಪಕ್ಷರದ ಇಂಗ್ಲಿಷ್ ದೋಷಸಂದೇಶ ಕಾಣುತ್ತದೆ. ಲೇಟೆಕ್‌ನಲ್ಲಿ ಪ್ರತಿ ಚಿತ್ರಕ್ಕೂ ಒಂದು ಲೇಬಲ್ ಕೊಡಿ. ಲೇಬಲ್ ಸಿಗದ ಕಡೆ ಎರಡು ಪ್ರಶ್ನಾರ್ಥಕ ಚಿಹ್ನೆ ಅಚ್ಚಾಗುತ್ತದೆ. ಕಳಿಸುವ ಮುನ್ನ ಆ ಚಿಹ್ನೆಗಳಿಗಾಗಿ, ಆ ದೋಷಸಂದೇಶಕ್ಕಾಗಿ ಇಡೀ ಕಡತ ಹುಡುಕಿ. ಲೇಬಲ್‌ಗೆ ‘ಚಿತ್ರ3’ ಎಂದು ಹೆಸರಿಡದೆ ಚಿತ್ರದಲ್ಲಿರುವ ವಸ್ತುವಿನ ಹೆಸರಿಡಿ.

ಪಠ್ಯದಲ್ಲಿ ‘೩’ ಎಂದೂ ಶೀರ್ಷಿಕೆಯಲ್ಲಿ ‘3’ ಎಂದೂ ಇದ್ದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರಗಳು, ಹುಡುಕಿದರೆ ಸಾಮಾನ್ಯವಾಗಿ ಸಿಗವು. ಯಾವ ಅಂಕಿಯಾದರೂ ಸರಿ, ಒಂದೇ ಇರಲಿ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್ ಆದರೆ ಕನ್ನಡ ಪದ ಟೈಪಿಸಿ ಹುಡುಕುವುದೇ ಆಗದು. ಅಂಥ ಕಡತದಲ್ಲಿ ಪುಟಸಂಖ್ಯೆ ಕೊಡದೆ ಬೇರೆ ದಾರಿ ಇಲ್ಲ.

ಯಂತ್ರ ಮಾಡುವ ತಪಾಸಣೆ ಇಷ್ಟಕ್ಕೇ ನಿಲ್ಲುತ್ತದೆ. ‘ಚಿತ್ರ 6 ನೋಡಿ’ ಎಂಬಲ್ಲಿ ಚಿತ್ರ 6 ಇದೆ ಎಂದು ಅದು ಹೇಳಬಲ್ಲದು, ನೋಡಬೇಕಾದದ್ದು ಆ ಚಿತ್ರದಲ್ಲಿ ಇದೆಯೇ ಎಂದು ಹೇಳಲಾರದು. ಅದಕ್ಕೆ ಮನುಷ್ಯರೇ ಬೇಕು. ಕರಡನ್ನು ಅದರಲ್ಲಿ ಕೈ ಆಡಿಸದ ಒಬ್ಬ ಎಲೆಕ್ಟ್ರಿಷಿಯನ್‌ಗೆ ಕೊಡಿ, ಇಂಥ ಕೆಲಸಕ್ಕೆ ಸಂಭಾವನೆಯನ್ನೂ ಕೊಡಿ. ಪ್ರತಿ ಉಲ್ಲೇಖ ಬಂದಾಗಲೂ ಬೆರಳಿಟ್ಟು ಅಲ್ಲಿಗೆ ಹೋಗಿ ಬರಲು ಹೇಳಿ, ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ಜಾಗ ಸಿಗದಿದ್ದರೆ ವಿಳಾಸ ತಿದ್ದಿ. ಜಾಗ ಸಿಕ್ಕಿಯೂ ‘ಇಲ್ಲಿಗೆ ಯಾಕೆ ಬಂದೆ?’ ಎಂಬಂತೆ ನೋಡಿದರೆ ಕಾರಣ ಸೇರಿಸಿ. ಹೋಗಿ ನೋಡಿದ್ದು ಒಂದೇ ಸಾಲಿನ ಉತ್ತರವಾಗಿದ್ದರೆ ಆ ಸಾಲನ್ನು ಇಲ್ಲಿಗೇ ತಂದು, ಉಲ್ಲೇಖವನ್ನು ಅಳಿಸಿ.